ಸೇದುವ ಬಾವಿ

ಕೋಲಾರದವರಿಗೆ ಬಾಯಾರಿಕೆ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ಮದು. ಸಾವಿರ, ಸಾವಿರದ ಐನೂರು ಅಡಿ ಬೋರ್ ಕೊರೆಸಿ ಬರೀ ಧೂಳು ಕಂಡವರು ನಮ್ಮ ಕ್ರೈಸ್ತ ಸಭೆಯಲ್ಲೇ ಎಷ್ಟೋ ಮಂದಿ ಇದ್ದಾರೆ. ಅದಕ್ಕೇ ಇರಬೇಕು, ಸತ್ಯವೇದದಲ್ಲಿ ಬಾವಿ, ತೊರೆ, ಮಳೆ ಅಂತ ಬಂದ ಕಡೆಯೆಲ್ಲ ನಮ್ಮ ದೊಡ್ಡಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಿದ್ದರು.

2018ರ ನವೆಂಬರಿನಲ್ಲಿ ಸಭೆಯಿಂದ ಮೂವತ್ತಾರು ಜನ ಪವಿತ್ರ ನಾಡಿನ ಯಾತ್ರೆಗೆ ಹೊರಟೆವು. ಎಪ್ಪತ್ತನಾಲ್ಕರ ದೊಡ್ಡಮ್ಮ ಆರು ವರ್ಷ ಚೀಟಿ ಕಟ್ಟಿ ಕೂಡಿಟ್ಟ ದುಡ್ಡು ತಂದುಕೊಟ್ಟು, ಸಭಾಪಾಲಕರನ್ನು ಕೇಳಿದ್ದು ಒಂದೇ ಮಾತು: "ಯಾಕೋಬನ ಬಾವಿಗೆ ಹೋಗ್ತೀವಾ ಅಯ್ನೋರೆ?" ಕರ್ತನಾದ ಯೇಸು ಸಮಾರ್ಯದ ಒಬ್ಬ ಹೆಂಗಸನ್ನು ಕುಡಿಯಲು ನೀರು ಕೇಳಿದ ಬಾವಿ ಅದು. ಪಟ್ಟಿಯಲ್ಲಿರಲಿಲ್ಲ. ಅಯ್ಯನವರು ಅವರ ಮುಖ ನೋಡಿ, ಟ್ರಾವೆಲ್ಸ್‌ನವರಿಗೆ ಹೇಳಿ ಸೇರಿಸಿಸಿದರು.

ಆ ಬಾವಿಯೇ ಯಾಕೆ ಅನ್ನುವುದಕ್ಕೆ ನಮ್ಮ ಮನೆತನದ ಕಥೆ ಸ್ವಲ್ಪ ಹೇಳಬೇಕು. 1876ರಿಂದ 78ರವರೆಗಿನ ಧಾತು ಈಶ್ವರದ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಆಗ ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಎಂಬ ಮಿಷನರಿ ಹೆಂಗಸು ಅನಾಥ ಮಕ್ಕಳನ್ನು ಸೇರಿಸಿಕೊಂಡು ಸಾಕಿದರು. ಮುಂದೆ 1890ರಲ್ಲಿ ಆ ಕೆಲಸವೆಲ್ಲ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಬಂತು. ಹಾಗೆ ಬಂದು ಸೇರಿದ ಮಕ್ಕಳಲ್ಲಿ ನಮ್ಮಜ್ಜಿಯ ಅಜ್ಜಿಯೂ ಒಬ್ಬಳಂತೆ. ಆಗ ಅವಳಿಗೆ ನಾಲ್ಕೋ ಐದೋ ವರ್ಷ. ಊರು ಯಾವುದು, ಅಪ್ಪ ಅಮ್ಮ ಯಾರು, ಅವಳಿಗೇ ಗೊತ್ತಿರಲಿಲ್ಲ. ಮಿಷನ್ ಕಾಂಪೌಂಡಿನ ಬಾವಿಯಲ್ಲಿ ಯಾರು ಬೇಕಾದರೂ ಸೇದಬಹುದಿತ್ತು. ಊರ ಬಾವಿಗಳ ಮಾತು ಬೇರೆ. ದೊಡ್ಡಮ್ಮ ಮದುವೆಯಾಗಿ ಹೋದ ಹಳ್ಳಿಯಲ್ಲಿ ಅವರು ಬಾವಿಕಟ್ಟೆ ಹತ್ತುವ ಹಾಗಿರಲಿಲ್ಲ. ಬಿಂದಿಗೆ ಕೆಳಗಿಟ್ಟು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಸೇದಿ ಮೇಲಿನಿಂದ ಹುಯ್ಯಬೇಕು. ಅರ್ಧ ನೀರು ನೆಲಕ್ಕೆ. ಇದನ್ನು ದೊಡ್ಡಮ್ಮ ಅಳುತ್ತಾ ಹೇಳಿದ್ದನ್ನು ನಾನು ಕಂಡಿಲ್ಲ. ಸೊಪ್ಪು ಬಿಡಿಸುತ್ತಾ ಹೇಳುತ್ತಿದ್ದರು, ಅಷ್ಟೇ.

ಯಾತ್ರೆಯಲ್ಲಿ ನೋಡಿದ್ದನ್ನೆಲ್ಲ ಬರೆಯಹೋದರೆ ಮುಗಿಯುವುದಿಲ್ಲ. ನೆಬೋ ಬೆಟ್ಟದ ಮೇಲೆ ಮೋಶೆ ನಿಂತ ಕಡೆ ನಿಂತೆವು. ಬೇತ್ಲೆಹೇಮಿನಲ್ಲಿ ಕರ್ತನು ಹುಟ್ಟಿದ ಸ್ಥಳದ ದೇವಾಲಯಕ್ಕೆ ನಾಲ್ಕಡಿ ಎತ್ತರದ ಬಾಗಿಲು; ಎಂಥವರೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಶಿಲುಬೆಗೆ ಮುಂಚಿನ ರಾತ್ರಿ ಕರ್ತನು ಪ್ರಾರ್ಥಿಸಿದ ಗೆತ್ಸೇಮನೆಯ ಎಣ್ಣೇಮರಗಳ ಮುಂದೆ ಮಾತೇ ಹೊರಡಲಿಲ್ಲ. ಗಲಿಲಾಯ ಸಮುದ್ರದ ದಡದಲ್ಲಿ ದೊಡ್ಡಮ್ಮ ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು, "ಸಮುದ್ರ ಅಂತಾರೆ, ಸಿಹಿನೀರು ಕಣಮ್ಮ, ಇದು ಕೆರೆ" ಅಂದರು. ಇಪ್ಪತ್ತೊಂದು ಕಿಲೋಮೀಟರ್ ಉದ್ದದ ಕೆರೆ! ಅದೇ ವರ್ಷ ಜೂನಿನಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಿಟ್ಟಿದ್ದರು. ಅಷ್ಟಕ್ಕೇ ಜನ ಹೂವು ತಂದು ಕೆರೆಗೆ ಹಾಕಿದ್ದನ್ನು ನೋಡಿ ಬಂದಿದ್ದೆವು ನಾವು.

ಕರ್ತನು ಮದುವೆಯ ಮನೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ ಕಾನಾ ಊರಿನಲ್ಲಿ ಹೆಚ್ಚು ಹೊತ್ತು ನಿಂತೆವು. ದಂಪತಿಗಳು ಮದುವೆಯ ಪ್ರತಿಜ್ಞೆಯನ್ನು ಮತ್ತೆ ಹೇಳಿಕೊಳ್ಳುತ್ತಿದ್ದರೆ, ದೊಡ್ಡಮ್ಮ ಅಲ್ಲಿಟ್ಟಿದ್ದ ಕಲ್ಲಿನ ಬಾನೆಯ ಮುಂದೆ ನಿಂತು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದರು. ಆರು ಬಾನೆ, ಕಂಠದ ತನಕ. "ನಲವತ್ತು ಬಿಂದಿಗೆಯಾದ್ರೂ ಹೊತ್ತಿರ್ತಾರೆ ಪಾಪ, ಆಳುಗಳು." ಯೋಹಾನನ ಸುವಾರ್ತೆಯಲ್ಲಿ ಒಂದು ಮಾತಿದೆ: ಆ ದ್ರಾಕ್ಷಾರಸ ಎಲ್ಲಿಂದ ಬಂತೆಂದು ಔತಣದ ಪಾರುಪತ್ಯಗಾರನಿಗೆ ತಿಳಿಯಲಿಲ್ಲ, ನೀರನ್ನು ತೋಡಿದ ಸೇವಕರಿಗೆ ಗೊತ್ತಿತ್ತು. ಎಷ್ಟು ಸಲ ಓದಿದ್ದೆನೋ. ನೀರು ಹೊತ್ತವರಿಗೇ ಮಹಿಮೆ ಮೊದಲು ತಿಳಿಯಿತೆಂಬುದು ನನ್ನ ಮನಸ್ಸಿಗೆ ನಾಟಿದ್ದು ಅವತ್ತು, ದೊಡ್ಡಮ್ಮನ ಮಡಿಸಿದ ಬೆರಳುಗಳನ್ನು ನೋಡಿ.

ಯೊರ್ದನ್ ಹೊಳೆ ಕೆಲವರಿಗೆ ಬೇಸರ ತಂದಿತು, ಅದನ್ನು ಮುಚ್ಚಿಡುವುದಿಲ್ಲ. ಕೆಂಪು ಕದಡು ನೀರು, ಆಚೆ ದಡದವರ ಹಾಡು ಈಚೆಗೆ ಕೇಳುವಷ್ಟು ಕಿರಿದು. ನೀರಿನ ಬಹುಪಾಲನ್ನು ಮೇಲೆಯೇ ಸುತ್ತಲಿನ ದೇಶಗಳು ತಿರುಗಿಸಿಕೊಂಡಿವೆ. ಮರಳೊಂದೇ ಉಳಿದ ನಮ್ಮ ಪಾಲಾರ್ ನೋಡಿದ ನನಗೆ ಮಾತ್ರ ಬೇಸರವಾಗಲಿಲ್ಲ. ಲೋಕದಲ್ಲಿ ಎಂತೆಂಥ ಮಹಾನದಿಗಳಿದ್ದವು. ಕರ್ತನು ದೀಕ್ಷಾಸ್ನಾನಕ್ಕೆ ಇಳಿದದ್ದು ಈ ಸಣ್ಣ ಹೊಳೆಗೆ.

ಯೆರೂಸಲೇಮಿನಲ್ಲಿ ಕಡಿದಾದ ಮೆಟ್ಟಿಲು ಹತ್ತಿದರೆ ಕರ್ತನನ್ನು ಶಿಲುಬೆಗೇರಿಸಿದ ಗೊಲ್ಗೊಥಾ. ಪೀಠದ ಕೆಳಗೆ ಮೊಣಕಾಲೂರಿ ಬಗ್ಗಿ, ದುಂಡನೆಯ ಒಂದು ತೂತಿನಲ್ಲಿ ಕೈಯಿಟ್ಟರೆ ಬಂಡೆ ಸಿಗುತ್ತದೆ. ತಣ್ಣಗಿತ್ತು. ಹಿಂದೆ ಸಾಲು ದೊಡ್ಡದು, ಒಬ್ಬೊಬ್ಬರಿಗೆ ಕೆಲವೇ ಕ್ಷಣ. ದೊಡ್ಡಮ್ಮ ಕೈ ಹೊರಗೆ ತೆಗೆದು ಎದ್ದವರು ಗೋಡೆಗೊರಗಿ, "ನೀರಡಿಕೆ ಅಂದ. ಹುಳಿರಸ ಕೊಟ್ರು" ಅಂದರು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ನಾಬ್ಲುಸಿಗೆ ಹೋದೆವು, ಸಮಾರ್ಯಕ್ಕೆ. ಮೇಲೆ ಗೆರಿಜ್ಜೀಮ್ ಬೆಟ್ಟ. ಕೆಲವೇ ನೂರು ಜನರಾಗಿ ಉಳಿದಿರುವ ಸಮಾರ್ಯದವರು ಇಂದಿಗೂ ಆ ಬೆಟ್ಟದ ಮೇಲೆ ಪಸ್ಕ ಹಬ್ಬದ ಕುರಿ ಕೊಯ್ಯುತ್ತಾರೆ. ಬಾವಿಯ ಮೇಲೆ ಗ್ರೀಕ್ ಆರ್ಥೊಡಾಕ್ಸ್ ಸಭೆಯವರ ದೇವಾಲಯವಿದೆ. ಮೊದಲ ಮಹಾಯುದ್ಧದ ಕಾಲಕ್ಕೆ ಕಟ್ಟಡ ಅರ್ಧಕ್ಕೆ ನಿಂತು, ಈಚೆಗೆ ಪೂರ್ತಿಯಾದದ್ದು. ಅದಕ್ಕೆ ಆ ಸಮಾರ್ಯದ ಹೆಂಗಸಿನದೇ ಹೆಸರು. ಅವರ ಪರಂಪರೆಯಲ್ಲಿ ಆಕೆ ಸಂತ ಫೋಟಿನಿ.

ಮೆಟ್ಟಿಲಿಳಿದು ಹೋದರೆ ಸಣ್ಣ ಕೋಣೆ, ತೂಗುದೀಪಗಳು, ಮಧ್ಯದಲ್ಲಿ ಕಲ್ಲಿನ ಕಟ್ಟೆ, ಮೇಲೆ ತಿರುಗಿಸುವ ರಾಟೆ, ಹಗ್ಗ, ಬಕೆಟ್ಟು. ನಮ್ಮ ಅಯ್ಯನವರು ಒಂದಿಷ್ಟು ನೀರನ್ನು ಬಾವಿಯೊಳಕ್ಕೆ ಹುಯ್ದು ಸುಮ್ಮನಿರಲು ಸನ್ನೆ ಮಾಡಿದರು. ಒಂದು, ಎರಡು, ಮೂರು ಎಣಿಸಿದ ಮೇಲೆ ಕೆಳಗೆ ಸದ್ದಾಯಿತು. ನೂರ ಮೂವತ್ತು ಅಡಿಗೂ ಮೇಲೆ. "ಬಾವಿ ಆಳವಾಗಿದೆ" ಎಂದು ಆಕೆ ಹೇಳಿದ್ದು ಸುಮ್ಮನೆ ಅಲ್ಲ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ಓದಿದರು. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇಲ್ಲವೆಂಬ ಕಡೆಗೆ ಬಂದಾಗ ನಮ್ಮಲ್ಲಿ ಹಲವರು ತಲೆ ತಗ್ಗಿಸಿದರು. ಆ ಮಾತಿಗೆ ನಮ್ಮ ಸೀಮೆಯಲ್ಲಿ ವ್ಯಾಖ್ಯಾನ ಬೇಕಿಲ್ಲ.

ಅಯ್ಯನವರು ಪುಸ್ತಕ ಮುಚ್ಚುವ ಮೊದಲೇ ದೊಡ್ಡಮ್ಮ ಕಟ್ಟೆಯ ಹತ್ತಿರ ಹೋಗಿದ್ದರು. ರಾಟೆ ತಿರುಗಿಸಲು ನಾನು ಕೈ ಹಾಕಿದೆ. "ಬಿಡು, ನಾನೇ" ಅಂದರು. ಗೂರಲು ಎದೆ, ನಾಲ್ಕು ಸುತ್ತಿಗೊಮ್ಮೆ ನಿಂತು ನಿಂತು ತಿರುಗಿಸಿದರು. ಬಕೆಟ್ಟು ಮೇಲೆ ಬರುವ ತನಕ ಮೂವತ್ತಾರು ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. ಬ್ಯಾಗಿನಿಂದ ಹಿತ್ತಾಳೆ ಲೋಟ ತೆಗೆದರು. ಮದುವೆಯಲ್ಲಿ ತವರಿನಿಂದ ಕೊಟ್ಟದ್ದು, ಅವರ ತಾಯಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದು. ತುಂಬಿಸಿದರು. ಕುಡಿಯುತ್ತಾರೆ ಅಂದುಕೊಂಡೆ.

"ಆಕೆ ಕಡೆಗೆ ನೀರು ಕೊಟ್ಳೋ ಇಲ್ವೋ, ಬರೆದೇ ಇಲ್ಲವಲ್ಲಮ್ಮ" ಅಂದರು ಮೆಲ್ಲಗೆ. "ಮಾತಾಡ್ತಾ ಮಾತಾಡ್ತಾ ಕೊಡ ಬಿಟ್ಟು ಓಡಿಹೋದ್ಳು. ಬಿಸಿಲಲ್ಲಿ ನಡೆದು ಬಂದಿದ್ದ. ಅವಳ ಕೈನೀರು ಕುಡೀತೀನಿ ಅಂತ ತಾನಾಗಿ ಬಾಯಿಬಿಟ್ಟು ಕೇಳಿದ್ದ."

ಲೋಟವನ್ನು ಕಟ್ಟೆಯ ಮೇಲಿಟ್ಟರು. ಸೆರಗಿನಲ್ಲಿ ಅದರ ಹೊರಮೈ ಒರೆಸಿದರು. ಕೈ ಜೋಡಿಸಿ ಒಂದು ನಿಮಿಷ ನಿಂತು, ನನ್ನ ಭುಜ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದರು. ಹಿಂದಿನಿಂದ ಅಯ್ಯನವರು, "ಅಮ್ಮಾ, ಲೋಟ ಮರೆತ್ರಿ" ಅಂತ ಕೂಗಿದರು.

"ಮರ್ತಿಲ್ಲ ಅಯ್ನೋರೆ" ಅಂದು ದೊಡ್ಡಮ್ಮ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.