ಕೊಲೆಗಾರ ಯಾರು ಅಂತ ಗೊತ್ತಿದ್ದೂ ಯಾಕೆ ನೋಡ್ತೀಯ?

"ಹತ್ತು ನಿಮಿಷಕ್ಕೇ ವಿಲನ್ ಯಾರು ಅಂತ ಗೊತ್ತಾಗುತ್ತೆ. ಹೀರೋಯಿನ್ ಸಾಯಲ್ಲ ಅಂತಲೂ ಗೊತ್ತು. ಮತ್ಯಾಕೆ ಕೂತು ನೋಡ್ತೀಯ?"

ಮನೆಯವರು ಕೇಳಿದ್ದಾರೆ, ಗೆಳತಿಯರು ಕೇಳಿದ್ದಾರೆ. "ಒಳ್ಳೆಯ" ಸಿನಿಮಾ ನೋಡುವವರು ಒಂಚೂರು ಮರುಕ ಬೆರೆಸಿ ಕೇಳಿದ್ದಾರೆ. ಅವರೆಲ್ಲ ಹೇಳುತ್ತಿರುವುದು ಅಮೆರಿಕದಲ್ಲಿ ಟೀವಿಗೆಂದೇ ತಯಾರಾಗುವ ಸಸ್ಪೆನ್ಸ್ ಥ್ರಿಲ್ಲರ್‌ಗಳ ಬಗ್ಗೆ. ಥಿಯೇಟರ್‌ನ ಮುಖವನ್ನೇ ನೋಡದ ಸಿನಿಮಾಗಳು. ಮಗು ನೋಡಿಕೊಳ್ಳಲು ಹೊಸದಾಗಿ ಬಂದ ನ್ಯಾನಿ ಆ ಮಗುವಿನ ಮೇಲೇ ಕಣ್ಣಿಟ್ಟಿರುತ್ತಾಳೆ. ಪಕ್ಕದ ಮನೆಯ ಸಭ್ಯ ಹುಡುಗನ ನೆಲಮಾಳಿಗೆಯ ಗೋಡೆ ತುಂಬ ಒಬ್ಬಳದೇ ಫೋಟೋ. ಗಂಡನ ಹೆಸರು ಗಂಡನ ಹೆಸರೇ ಅಲ್ಲ. ಆ ಜಾತಿಯವು.

ಇವನ್ನು ನೋಡುವುದಕ್ಕೆ ಗಿಲ್ಟಿ ಪ್ಲೆಷರ್ ಅನ್ನುತ್ತಾರೆ. ಕಳ್ಳಖುಷಿ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನೂ ಬಹಳ ದಿನ ಸಬೂಬು ಹೇಳಿದೆ. ಸುಮ್ನೆ ಹಾಕಿದ್ದೆ, ನಿದ್ದೆ ಬರಲಿಲ್ಲ, ಬೇರೇನೂ ಇರಲಿಲ್ಲ. ಈಗ ಸಬೂಬು ಬಿಟ್ಟಿದ್ದೇನೆ. ಉತ್ತರ ಸ್ವಲ್ಪ ಉದ್ದ ಇದೆ.

ಮೊದಲಿಗೆ, ವಿಲನ್ ಯಾರು ಅಂತ ಬೇಗ ಗೊತ್ತಾಗುವುದು ಬರೆದವರ ದಡ್ಡತನ ಅಲ್ಲ. ಅವರೇ ಹೇಳಿಬಿಡುತ್ತಾರೆ. ಬಾಗಿಲು ಮುಚ್ಚಿದ ಕೂಡಲೇ ಆ ನ್ಯಾನಿಯ ನಗು ಆರಿಹೋಗುತ್ತದೆ, ಕ್ಯಾಮೆರಾ ಅವಳ ಮುಖದ ಮೇಲೆ ಎರಡು ಸೆಕೆಂಡ್ ಜಾಸ್ತಿ ನಿಲ್ಲುತ್ತದೆ, ಪಿಯಾನೋದಲ್ಲಿ ಒಂದು ಕೆಳಗಿನ ಸ್ವರ. ಆಯಿತು, ಗುಟ್ಟು ರಟ್ಟು. ಪತ್ತೇದಾರಿ ಕಥೆಯಲ್ಲಿ ಲೇಖಕ ನಮ್ಮಿಂದ ಬಚ್ಚಿಡುತ್ತಾನೆ. ಇಲ್ಲಿ ನಮ್ಮನ್ನು ತನ್ನ ಕಡೆ ಸೇರಿಸಿಕೊಂಡು ಹೀರೋಯಿನ್‌ನಿಂದ ಬಚ್ಚಿಡುತ್ತಾನೆ. ಸಸ್ಪೆನ್ಸ್ ಸಿನಿಮಾಗಳ ದೊಡ್ಡ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರುಫೊ ಜೊತೆ ಮಾತಾಡುವಾಗ ಕೊಟ್ಟ ಉದಾಹರಣೆ ಇದೇ. ಮೇಜಿನ ಕೆಳಗೆ ಬಾಂಬ್ ಇದೆ ಅಂತ ಗೊತ್ತಿಲ್ಲದೆ ಅದು ಸಿಡಿದರೆ ಹದಿನೈದು ಸೆಕೆಂಡ್ ಬೆಚ್ಚುತ್ತೇವೆ. ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷ ಒದ್ದಾಡುತ್ತೇವೆ. ಟೀವಿಯವರು ಆ ಹದಿನೈದು ನಿಮಿಷವನ್ನು ಎಂಬತ್ತೈದಕ್ಕೆ ಎಳೆದಿದ್ದಾರೆ, ಅಷ್ಟೇ.

ಎಳೆಯಲು ಅವರಿಗೆ ಕಾರಣವೂ ಇತ್ತು: ಜಾಹೀರಾತು. ಎರಡು ಗಂಟೆಯ ಸ್ಲಾಟ್‌ನಲ್ಲಿ ಸಿನಿಮಾ ಇರುವುದು ಹೆಚ್ಚುಕಡಿಮೆ ಒಂದೂವರೆ ಗಂಟೆ. ಉಳಿದದ್ದು ಸೋಪು, ಕಾರು, ತಲೆನೋವಿನ ಮಾತ್ರೆ. ಹಾಗಾಗಿ ಸ್ಕ್ರಿಪ್ಟನ್ನು ಸಾಮಾನ್ಯವಾಗಿ ಏಳೆಂಟು ತುಂಡಾಗಿ ಬರೆಯುತ್ತಾರೆ. ಮೊದಲ ತುಂಡು ಉದ್ದ, ಯಾಕೆಂದರೆ ನೋಡುವವರು ಗಾಳಕ್ಕೆ ಬೀಳುವ ತನಕ ಬಿಡುವು ಕೊಡುವ ಹಾಗಿಲ್ಲ. ಆಮೇಲಿನವು ಚಿಕ್ಕದಾಗುತ್ತಾ ಹೋಗುತ್ತವೆ. ಪ್ರತಿ ತುಂಡಿನ ಕೊನೆಗೆ ಒಂದು ಕೊಕ್ಕೆ. ಗಂಟೆ ಮುಗಿಯುವ ಹೊತ್ತಿಗೆ ದೊಡ್ಡ ಕೊಕ್ಕೆ, ಆಗ ಬೇರೆ ಚಾನೆಲ್‌ಗಳಲ್ಲಿ ಹೊಸ ಕಾರ್ಯಕ್ರಮ ಶುರುವಾಗುತ್ತದೆ ನೋಡಿ.

ಇವತ್ತು ಇದೇ ಸಿನಿಮಾಗಳನ್ನು ಜಾಹೀರಾತಿಲ್ಲದೆ ಫೋನಲ್ಲಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಹೀರೋಯಿನ್ ಕಪಾಟಿನ ಬಾಗಿಲು ತೆಗೆಯುತ್ತಾಳೆ, ಬಾಯಿ ತೆರೆಯುತ್ತಾಳೆ, ಪರದೆ ಪೂರ್ತಿ ಕಪ್ಪಾಗುತ್ತದೆ. ಒಂದೇ ಸೆಕೆಂಡ್. ತಕ್ಷಣ ಅದೇ ಕಪಾಟು, ಅದೇ ಬಾಯಿ. ಒಳಗೆ ಇದ್ದದ್ದು ಮಗಳ ಕೋಟು. ಜಾಹೀರಾತು ಹೋಯಿತು, ಅದು ಕೂತಿದ್ದ ಜಾಗದ ಗುಳಿ ಹಾಗೇ ಉಳಿಯಿತು. ನನಗೆ ಆ ಕಪ್ಪು ಸೆಕೆಂಡ್ ಬಹಳ ಇಷ್ಟ. ಅಷ್ಟರಲ್ಲೇ ಮನಸ್ಸು ಮೂರು ಹೆಣ ಎಣಿಸಿರುತ್ತದೆ.

ಇದೆಲ್ಲ ಶುರುವಾಗಿದ್ದು 1964ರಲ್ಲಿ. ಎನ್‌ಬಿಸಿ ಚಾನೆಲ್ಲೂ ಯೂನಿವರ್ಸಲ್ ಸ್ಟುಡಿಯೋವೂ ಸೇರಿ ಟೀವಿಗೆಂದೇ ಪೂರ್ತಿ ಉದ್ದದ ಸಿನಿಮಾ ಮಾಡಲು ಹೊರಟವು. ಮೊದಲಿಗೆ ತಯಾರಾದ 'ದ ಕಿಲ್ಲರ್ಸ್' ಮನೆಮಂದಿ ನೋಡಲಾರದಷ್ಟು ಹೊಡೆದಾಟದ್ದು ಅನ್ನಿಸಿ ಥಿಯೇಟರ್‌ಗೆ ಹೋಯಿತು. ಅಂದರೆ ಟೀವಿಗೆ ಜಾಸ್ತಿಯಾದದ್ದು ಥಿಯೇಟರ್‌ಗೆ. ಈಗ ನಾವು ಉಲ್ಟಾ ಅಂದುಕೊಂಡಿದ್ದೇವೆ, ಅಲ್ವಾ? 1969ರಲ್ಲಿ ಎಬಿಸಿ ಚಾನೆಲ್ ವಾರಕ್ಕೊಂದು ಹೊಸ ಸಿನಿಮಾ ಕೊಡುವ ಸಾಹಸಕ್ಕೆ ಇಳಿಯಿತು. ತೊಂಬತ್ತು ನಿಮಿಷದ ಸ್ಲಾಟ್, ಅದರಲ್ಲಿ ಸಿನಿಮಾ ಎಪ್ಪತ್ತೈದು ನಿಮಿಷದ ಆಸುಪಾಸು. ವಾರಕ್ಕೊಂದು ಬೇಕೆಂದರೆ ದುಡ್ಡೂ ಇಲ್ಲ, ದಿನವೂ ಇಲ್ಲ. ದೊಡ್ಡ ಸೆಟ್ ಕಟ್ಟಲಾಗದವರಿಗೆ ಸಸ್ಪೆನ್ಸ್‌ನಷ್ಟು ಅಗ್ಗದ ಸರಕು ಇನ್ನೊಂದಿಲ್ಲ. ಒಂದು ಮನೆ, ಒಂದು ಫೋನ್, ಒಬ್ಬ ಹೆದರಿದ ಮನುಷ್ಯ, ಸಾಕು.

ಆ ಸಾಲಿನಲ್ಲೇ 1971ರ ನವೆಂಬರ್ 13ರಂದು 'ಡ್ಯುಯೆಲ್' ಬಂತು. ನಿರ್ದೇಶಕನಿಗೆ ಆಗ 24 ವರ್ಷ, ಹೆಸರು ಸ್ಟೀವನ್ ಸ್ಪೀಲ್‌ಬರ್ಗ್. ಎರಡು ವಾರದೊಳಗೆ ಚಿತ್ರೀಕರಣ ಮುಗಿಸಿದ್ದರು. ಕೆಂಪು ಕಾರಿನಲ್ಲಿ ಹೊರಟ ಒಬ್ಬ ಸಾಮಾನ್ಯ ಮಾರಾಟಗಾರ, ಅವನ ಬೆನ್ನು ಬಿದ್ದ ತುಕ್ಕು ಹಿಡಿದ ಟ್ಯಾಂಕರ್ ಲಾರಿ. ಕಥೆ ಅಷ್ಟೇ. ಲಾರಿ ಓಡಿಸುವವನ ಮುಖ ಕೊನೆತನಕ ಕಾಣುವುದಿಲ್ಲ. ಪೆಟ್ರೋಲ್ ಬಂಕ್‌ನಲ್ಲಿ ಅವನ ಬೂಟು ಮಾತ್ರ ಕಾಣುತ್ತದೆ. ಆಮೇಲೆ ನಮ್ಮ ಮನುಷ್ಯ ದಾರಿಬದಿಯ ಹೋಟೆಲ್‌ಗೆ ನುಗ್ಗಿ, ಮುಖ ತೊಳೆದು ಹೊರಬಂದು, ಕಿಟಕಿಯಿಂದ ನೋಡಿದರೆ ಅದೇ ಲಾರಿ ಹೊರಗೆ ನಿಂತಿದೆ. ಅಂದರೆ ಅದರ ಡ್ರೈವರ್ ಇಲ್ಲೇ ಕೂತವರಲ್ಲಿ ಒಬ್ಬ. ಯಾರು? ಅವನು ಒಬ್ಬೊಬ್ಬರ ಕಾಲನ್ನೂ ನೋಡುತ್ತಾನೆ. ಅಂಥದ್ದೇ ಬೂಟು ಒಬ್ಬರಿಗಿಂತ ಜಾಸ್ತಿ ಜನರ ಕಾಲಲ್ಲಿದೆ. ಕೊನೆಗೆ ತಪ್ಪು ಮನುಷ್ಯನ ಮೇಲೆ ಹರಿಹಾಯ್ದು ಒದೆ ತಿನ್ನುತ್ತಾನೆ. ಬೂಟು, ಬೆವರು, ಕಿಟಕಿ ಬಿಟ್ಟರೆ ಆ ದೃಶ್ಯದಲ್ಲಿ ಖರ್ಚೇ ಇಲ್ಲ. ಚಿಕ್ಕ ಪರದೆಗೆ ಇದಕ್ಕಿಂತ ಚೆನ್ನಾಗಿ ಹೊಂದುವ ದೃಶ್ಯ ನಾನು ನೋಡಿಲ್ಲ. ಹಾರರ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಜಾನ್ ಕಾರ್ಪೆಂಟರ್ ಕೂಡ 1978ರಲ್ಲಿ ಎನ್‌ಬಿಸಿಗೆ ಒಂದು ಮಾಡಿದರು. ಎತ್ತರದ ಅಪಾರ್ಟ್‌ಮೆಂಟ್‌ನಲ್ಲಿ ಒಂಟಿ ಹೆಂಗಸು, ಎದುರಿನ ಕಟ್ಟಡದಿಂದ ಅವಳನ್ನು ನೋಡುತ್ತಿರುವ ಕಣ್ಣು.

ಆದರೆ ದೊಡ್ಡ ಹೆಸರು ಮುಂದಿಟ್ಟು ಮರ್ಯಾದೆ ಉಳಿಸಿಕೊಳ್ಳುವುದು ಮೋಸ. ನಾನು ಜಾಸ್ತಿ ನೋಡುವುದು ಇವನ್ನಲ್ಲ. 1984ರಲ್ಲಿ ಶುರುವಾದ ಲೈಫ್‌ಟೈಮ್ ಎಂಬ ಚಾನೆಲ್ ಹೆಂಗಸರನ್ನೇ ಎದುರಿಗಿಟ್ಟುಕೊಂಡು ಈ ಬಗೆಯ ಸಿನಿಮಾಗಳ ತವರಾಯಿತು. ಅಲ್ಲಿ ಶೀರ್ಷಿಕೆಯೇ ಪೋಸ್ಟರ್, ಶೀರ್ಷಿಕೆಯೇ ಕಥಾಸಾರ. 2015ರಲ್ಲಿ ಬಂದ ಒಂದರ ಹೆಸರು 'ಸ್ಟಾಕ್ಡ್ ಬೈ ಮೈ ಡಾಕ್ಟರ್'. ಡಾಕ್ಟರ್ ಪೇಷಂಟ್ ಹುಡುಗಿಯ ಬೆನ್ನು ಹತ್ತುತ್ತಾನೆ, ಮುಗಿಯಿತು. ಎರಿಕ್ ರಾಬರ್ಟ್ಸ್ ಆ ಡಾಕ್ಟರನ್ನು ಎಷ್ಟು ಸವಿದು ಮಾಡಿದರೆಂದರೆ 2021ರ ಹೊತ್ತಿಗೆ ಅದು ಐದು ಸಿನಿಮಾ ಆಗಿತ್ತು. ಅದೇ 2015ರಲ್ಲಿ ವಿಲ್ ಫೆರೆಲ್ ಮತ್ತು ಕ್ರಿಸ್ಟನ್ ವಿಗ್ ಎಂಬ ಇಬ್ಬರು ಹೆಸರಾಂತ ಹಾಸ್ಯನಟರು 'ಎ ಡೆಡ್ಲಿ ಅಡಾಪ್ಷನ್' ಅಂತ ಒಂದರಲ್ಲಿ ನಟಿಸಿದರು. ಎಲ್ಲರೂ ಅಣಕ ಅಂದುಕೊಂಡಿದ್ದರು. ಅವರೋ ಒಂದು ಚೂರೂ ನಗದೆ, ಕಣ್ಣೂ ಹೊಡೆಯದೆ ಪೂರ್ತಿ ಮಾಡಿ ಮುಗಿಸಿದರು. ಇವನ್ನು ಅಣಕಿಸುವುದು ಕಷ್ಟ, ಏಕೆಂದರೆ ಇವು ಎಷ್ಟೇ ಅತಿಯಾದರೂ ತಾವು ಅತಿ ಅಂತ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡ ದಿನ ನಾನು ನೋಡುವುದು ಬಿಡುತ್ತೇನೆ.

ಈಗ ಗೆಳತಿಯ ವಿಷಯಕ್ಕೆ ಬರೋಣ. ಪ್ರತಿ ಹೀರೋಯಿನ್‌ಗೂ ಒಬ್ಬಳು ಗೆಳತಿ ಇರುತ್ತಾಳೆ. ಚುರುಕಿನವಳು, ಕಂಪ್ಯೂಟರ್ ಗೊತ್ತಿರುವವಳು. ಸಿನಿಮಾದ ಮುಕ್ಕಾಲು ಭಾಗದಲ್ಲಿ ಅವಳಿಗೆ ನಿಜ ಸಿಗುತ್ತದೆ: ಹಳೆಯ ಪೇಪರ್‌ನಲ್ಲಿ ಬೇರೆ ಹೆಸರಿನಡಿ ನ್ಯಾನಿಯ ಫೋಟೋ. ಪೊಲೀಸರಿಗೆ ಫೋನ್ ಮಾಡುತ್ತಾಳಾ? ಇಲ್ಲ. ಹೀರೋಯಿನ್‌ಗೆ ವಾಯ್ಸ್‌ಮೇಲ್ ಬಿಡುತ್ತಾಳೆ. "ತುಂಬಾ ಮುಖ್ಯವಾದ ವಿಷಯ, ಫೋನಲ್ಲಿ ಹೇಳೋಕಾಗಲ್ಲ." ಯಾಕಮ್ಮಾ ಹೇಳೋಕಾಗಲ್ಲ? ನಿನ್ನ ನ್ಯಾನಿ ಹೆಸರು ಸುಳ್ಳು. ನಾಲ್ಕು ಪದ! ಅತ್ತ ಹೀರೋಯಿನ್ ಸ್ನಾನಕ್ಕೆ ಹೋಗಿದ್ದಾಳೆ. ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಗುಂಯ್‌ಗುಡುತ್ತಾ ಇಷ್ಟಿಷ್ಟೇ ಅಂಚಿಗೆ ಸರಿಯುತ್ತದೆ. ಉಗುರಿಗೆ ತಿಳಿ ಗುಲಾಬಿ ಬಣ್ಣ ಹಚ್ಚಿದ ಕೈಯೊಂದು ಅದನ್ನು ಎತ್ತಿಕೊಳ್ಳುತ್ತದೆ. ಕೇಳುತ್ತದೆ. ಅಳಿಸುತ್ತದೆ. ಫೋನನ್ನು ಮೊದಲಿದ್ದ ಜಾಗಕ್ಕೇ ಇಟ್ಟು, ಸ್ವಲ್ಪ ಓರೆಯಾಯಿತೇನೋ ಅಂತ ನೇರ ಮಾಡುತ್ತದೆ. ಆ ನೇರ ಮಾಡುವುದಿದೆಯಲ್ಲ, ಅಲ್ಲಿ ನನ್ನ ಬೆನ್ನು ತಣ್ಣಗಾಗುತ್ತದೆ. ಗೆಳತಿ ಪಾರ್ಕಿಂಗ್‌ನಲ್ಲಿ ಕೀಲಿ ಬೀಳಿಸಿಕೊಂಡು ಸಾಯುವುದು ಆಮೇಲಿನ ಮಾತು, ಅದು ಬರೀ ಲೆಕ್ಕ ಚುಕ್ತಾ.

ಇಲ್ಲಿಗೆ ಬಂದರೆ ಪ್ರಶ್ನೆಯ ನಿಜವಾದ ಉತ್ತರ. ಗೆಳತಿ ಹೋದ ಮೇಲೆ ಹೀರೋಯಿನ್‌ಗೆ ಅನುಮಾನ ಶುರುವಾಗುತ್ತದೆ. ಗಂಡನಿಗೆ ಹೇಳುತ್ತಾಳೆ. "ನೀನು ಸುಸ್ತಾಗಿದ್ದೀಯ." ಪೊಲೀಸರಿಗೆ ಹೇಳುತ್ತಾಳೆ. "ಪುರಾವೆ ಇಲ್ಲ ಮೇಡಂ." ಅಮ್ಮನಿಗೆ ಹೇಳುತ್ತಾಳೆ. ಅಮ್ಮನಿಗೆ ಆ ನ್ಯಾನಿ ಅಂದರೆ ಪ್ರಾಣ. ಯಾರೂ ನಂಬುವುದಿಲ್ಲ. ಅಷ್ಟು ಹೊತ್ತೂ ಅವಳನ್ನು ನಂಬುವವಳು ಪರದೆಯ ಈಚೆ ಕೂತ ನಾನೊಬ್ಬಳೇ. ವಿಲನ್ ಯಾರು ಅಂತ ನನಗೆ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ನಾನೂ ಆ ಗಂಡನ ಪಕ್ಕ ನಿಂತು "ಇವಳಿಗೆ ರೆಸ್ಟ್ ಬೇಕು" ಅಂದುಬಿಡುತ್ತಿದ್ದೆ. ನಾನು ಕಾಯುವುದು ಕೊಲೆಗಾರ ಸಿಕ್ಕಿಬೀಳುವುದಕ್ಕಲ್ಲ. ಗಂಡನ ಮುಖ ನೋಡುವುದಕ್ಕೆ. "ನೀನು ಹೇಳಿದ್ದು ನಿಜ" ಅಂತ ಅವನು ಹೇಳುವುದಕ್ಕೆ. ಮೈಗೆ ಕಂಬಳಿ ಹೊದಿಸಿದ ಹೆಂಡತಿ ಆಂಬುಲೆನ್ಸ್‌ನ ಹಿಂಬದಿಯಲ್ಲಿ ಕೂತಿರುತ್ತಾಳೆ, ಕೆಂಪು ನೀಲಿ ದೀಪ ಸುತ್ತುತ್ತಿರುತ್ತದೆ, ಅವನು ಹೇಳುತ್ತಾನೆ. ನಿಜ ಜೀವನದಲ್ಲಿ ಅದನ್ನು ಹೇಳುವವರು ಕಡಿಮೆ. ಆಂಬುಲೆನ್ಸ್ ಬಂದರೂ ಹೇಳುವುದಿಲ್ಲ.

"ಎಲ್ಲ ಅತಿರೇಕ" ಅನ್ನುವವರಿಗೆ ಇನ್ನೊಂದು ಮಾತು. ಈ ಸಿನಿಮಾಗಳಲ್ಲಿ ಅಪಾಯ ಕತ್ತಲ ಗಲ್ಲಿಯಿಂದ ಬರುವುದು ಕಡಿಮೆ. ಮನೆಯೊಳಗಿಂದ, ಪರಿಚಯದವರಿಂದ ಬರುತ್ತದೆ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಹೆಂಗಸರು ಮತ್ತು ಹುಡುಗಿಯರು ಸುಮಾರು 85,000. ಅವರಲ್ಲಿ 51,100 ಮಂದಿಯನ್ನು ಕೊಂದದ್ದು ಗಂಡ, ಸಂಗಾತಿ ಅಥವಾ ಮನೆಯವರು. ಚಾಕು ಝಳಪಿಸುವ ರೀತಿ ಅತಿರೇಕ ಇರಬಹುದು. ಚಾಕು ಯಾವ ಕಡೆಯಿಂದ ಬರುತ್ತದೆ ಅನ್ನುವುದರಲ್ಲಿ ಅಷ್ಟು ಅತಿರೇಕ ಇಲ್ಲ.

ಹಾಗಂತ ಪೂರ್ತಿ ವಕಾಲತ್ತು ಮಾಡುವುದಿಲ್ಲ. ನನಗೆ ನಿಜವಾಗಿ ನಾಚಿಕೆಯಾಗುವ ಒಂದು ದೃಶ್ಯ ಇದೆ. ನ್ಯಾನಿಯ ಬಚ್ಚಲಿನ ಕಪಾಟಿನಲ್ಲಿ ಮಾತ್ರೆಯ ಡಬ್ಬಿ ಸಿಗುತ್ತದೆ, ಹೀರೋಯಿನ್ ಅದರ ಹೆಸರು ಹುಡುಕುತ್ತಾಳೆ, ಮಾನಸಿಕ ಕಾಯಿಲೆಯ ಔಷಧಿ. ಸಂಗೀತ ಜೋರಾಗುತ್ತದೆ. ವಿವರಣೆ ಮುಗಿಯಿತು, ಅವಳು ಹಾಗೆ ಮಾಡಿದ್ದು ಅದಕ್ಕೇ! ಇದು ಸೋಮಾರಿತನ, ಅನ್ಯಾಯ ಕೂಡ. ಇಂಥ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರ ಮೇಲೂ ಕೈ ಮಾಡುವವರಲ್ಲ. ಅವರ ಮೇಲೆ ಬೇರೆಯವರು ಕೈ ಮಾಡುವುದೇ ಜಾಸ್ತಿ. ಕಳ್ಳಖುಷಿಯಲ್ಲಿ ಕಳ್ಳತನ ಏನಾದರೂ ಇದ್ದರೆ ಅದು ಇಲ್ಲಿದೆ. ಆ ಡಬ್ಬಿ ಕಂಡ ಕೂಡಲೇ ನಾನು ಬೈಯುತ್ತೇನೆ. ಆದರೂ ಸಿನಿಮಾ ಆಫ್ ಮಾಡುವುದಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು.

ನಟನೆ ಕೆಟ್ಟದಾಗಿರುತ್ತದಲ್ಲ ಅಂತ ಕೇಳುತ್ತಾರೆ. ಕೆಲವು ಸಲ ಹೌದು. ಆದರೆ ಹದಿನೈದು ದಿನದ ಆಸುಪಾಸಿನಲ್ಲಿ ಒಂದು ಸಿನಿಮಾ ಮುಗಿಸುವವರು ಅವರು. ಕಥೆ ಅಮೆರಿಕದ್ದು, ಎಷ್ಟೋ ಸಲ ಚಿತ್ರೀಕರಣ ಕೆನಡಾದಲ್ಲಿ, ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ. ಅಳುವ ದೃಶ್ಯಕ್ಕೆ ಒಂದೆರಡು ಟೇಕ್ ಸಿಕ್ಕರೆ ಹೆಚ್ಚು. ನಾನಂತೂ ಮಾಫಿ ಮಾಡಿದ್ದೇನೆ.

ಈಗೀಗ ಪ್ರಶ್ನೆ ಸ್ವಲ್ಪ ಬದಲಾಗಿದೆ. "ನೋಡೋದಾದ್ರೆ ಎಲ್ಲಿಂದ ಶುರು ಮಾಡಲಿ?" ಅನ್ನುತ್ತಾರೆ, ದನಿ ತಗ್ಗಿಸಿ. 'ಡ್ಯುಯೆಲ್'ನಿಂದ. ಆದರೆ ಟೀವಿಯಲ್ಲಿ ಬಂದ 74 ನಿಮಿಷದ್ದನ್ನೇ ಹುಡುಕಿ. ಆಮೇಲೆ ಹೊರದೇಶದ ಥಿಯೇಟರ್‌ಗಳಿಗೆಂದು ಅದನ್ನು 90 ನಿಮಿಷಕ್ಕೆ ಬೆಳೆಸಿದರು. ರೈಲ್ವೆ ಗೇಟು, ಶಾಲೆಯ ಬಸ್ಸು, ನಾಯಕ ಹೆಂಡತಿಗೆ ಮಾಡುವ ಫೋನು ಎಲ್ಲ ಆಗ ಸೇರಿದ್ದು. ರೈಲ್ವೆ ಗೇಟು ಚೆನ್ನಾಗಿದೆ, ಇರಲಿ. ಉದ್ದದ್ದೇ ಸಿಕ್ಕಿತು ಅಂದರೆ, ಅವನು ಹೆಂಡತಿಗೆ ಫೋನ್ ಮಾಡಲು ನಿಂತಾಗ ನೀವು ಎದ್ದು ಹೋಗಿ ನೀರು ಕುಡಿದು ಬನ್ನಿ.