ಓಡಾನೆಲ್ ಅಂದ್ರೆ ಯಾವ ಓಡಾನೆಲ್?

ಐರ್ಲೆಂಡ್ ಸುದ್ದೀಲಿ ಓಡಾನೆಲ್ ಅನ್ನೋ ಸರ್‌ನೇಮ್ ಕಂಡ್ರೆ ಯಾರು ಅಂತ ಪೂರ್ತಿ ಹೆಸರು ನೋಡ್ಲೇಬೇಕು. ಡೋನಲ್ ಓಡಾನೆಲ್ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದವ್ರು, 2010ರಲ್ಲಿ ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ ಜಡ್ಜ್ ಆಗಿ ಹೋದ್ರು, 2021ರಲ್ಲಿ ಚೀಫ್ ಜಸ್ಟಿಸ್ ಆದ್ರು. ಲಿಜ್ ಓಡಾನೆಲ್ ಉತ್ತರ ಐರ್ಲೆಂಡಿನ ಶಾಂತಿಗಾಗಿ ಆದ 1998ರ ಗುಡ್ ಫ್ರೈಡೇ ಒಪ್ಪಂದದ ಮಾತುಕತೇಲಿ ಐರಿಷ್ ಸರ್ಕಾರದ ಕಡೆಯಿಂದ ಕೂತಿದ್ದ ಸಚಿವೆ, ಅವ್ರ ಹೆಸರು ಇನ್ನೂ ಜಾಸ್ತಿ ಕೇಳಿಬರ್ಬೇಕಿತ್ತು ಅನ್ಸುತ್ತೆ ನಂಗೆ.

ಆದ್ರೆ ನಂಗೆ ತುಂಬಾ ಇಷ್ಟ ಆಗೋದು ಐರ್ಲೆಂಡಿನ ವಾಯುವ್ಯದಲ್ಲಿರೋ ಡೊನೆಗಾಲ್ ಜಿಲ್ಲೆ ಕಡೆಯವ್ರು. 1607ರಲ್ಲಿ ರಾತ್‌ಮಲ್ಲನ್‌ನಿಂದ ಹಡಗು ಹತ್ತಿ ದೇಶ ಬಿಟ್ಟ ರೋರಿ ಓಡಾನೆಲ್ ಅಲ್ಲಿಯ ದೊರೆ ಮನೆತನದವನು, ಅದೇ ನೆಲದಲ್ಲಿ ಮುಂದೆ ಹುಟ್ಟಿದ ಪೀಡರ್ ಓಡಾನೆಲ್ ರೈತರ ಪರ ನಿಂತವ್ನು, 1923ರಲ್ಲಿ ಜೈಲಲ್ಲಿದ್ದಾಗ್ಲೇ ಎಲೆಕ್ಷನ್ ಗೆದ್ದ, ಅದೇ ವರ್ಷ ಜೈಲಲ್ಲೇ 41 ದಿನ ಉಪವಾಸಾನೂ ಮಾಡ್ದ!

ಕಿಂಕಾಸ್ಲಾ ಅನ್ನೋ ಪುಟ್ಟ ಊರಿನ ಗಾಯಕ ಡೇನಿಯಲ್ ಓಡಾನೆಲ್ ಕೂಡ ಅದೇ ಜಿಲ್ಲೆಯವ್ರು, ಅಕ್ಕ ಮಾರ್ಗೋ ಮೊದ್ಲೇ ಹಾಡಿ ಹೆಸರು ಮಾಡಿದ್ಲು, ತಮ್ಮ ಅವಳ ಬ್ಯಾಂಡಲ್ಲೇ ಶುರು ಮಾಡಿ ಆಮೇಲೆ ಎಲ್ರಿಗಿಂತ ದೊಡ್ಡ ಸ್ಟಾರ್ ಆದ. ಅಭಿಮಾನಿಗಳನ್ನ ಊರಿನ ಮನೆಗೇ ಕರೆದು ಟೀ ಕೊಡ್ತಿದ್ದ, ಸಾವಿರಾರು ಜನ ಬರ್ತಿದ್ರು. ಅವನ ಹಾಡು ತುಂಬಾ ಸಿಹಿ ಅಂತ ಮೂಗು ಮುರಿಯೋರಿದ್ದಾರೆ, ನಾನಂತೂ ಒಪ್ಪಲ್ಲ, ಬಂದೋರನ್ನ ಅಷ್ಟು ಪ್ರೀತಿಯಿಂದ ನೋಡ್ಕೊಳ್ಳೋ ಕಲಾವಿದರು ಎಷ್ಟು ಜನ ಸಿಗ್ತಾರೆ ಹೇಳಿ.