ಬುಧವಾರದ ಚೌಕಗಳು

ಒಂಬತ್ತನೇ ತರಗತಿಯಲ್ಲಿ ನಮ್ಮ ಗಣಿತದ ಮೇಷ್ಟ್ರು ಒಂದು ದಿನ ಪಾಠವನ್ನೇ ಮಾಡಲಿಲ್ಲ. ಬೋರ್ಡಿನ ಮೇಲೆ ಅಡ್ಡಕ್ಕೆ 7, ಉದ್ದಕ್ಕೆ 24 ಚೌಕ ಬರೆದು, "ಒಟ್ಟು ಎಷ್ಟು?" ಅಂದರು. "168 ಸಾರ್" ಎಂದು ಕೂಗಿದೆವು. "ಇಷ್ಟೇ ನೋಡ್ರಪ್ಪಾ ಒಂದು ವಾರ ಅಂದ್ರೆ" ಅಂದರು.

ಕೆಲಸ ಸುಲಭವಾಗಿತ್ತು. ನೋಟ್‌ಬುಕ್ಕಿನ ಎಡಪುಟದಲ್ಲಿ ನಮಗೆ ಮುಖ್ಯ ಅನ್ನಿಸುವ ಮೂರು ವಿಷಯ ಬರೆಯಬೇಕು. ಬಲಪುಟದಲ್ಲಿ 168 ಚೌಕ ಎಳೆದು, ಗಂಟೆ ಗಂಟೆಗೂ ಏನು ಮಾಡಿದೆವು ಅಂತ ತುಂಬಬೇಕು. ನಾನು ಎಡಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: ಸತ್ಯ, ಶ್ರಮ, ಗೆಳೆತನ. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬರುವಂಥ ಪಟ್ಟಿ.

ಚೌಕಗಳನ್ನು ಮಾತ್ರ ಆರು ದಿನ ಮುಟ್ಟಲಿಲ್ಲ. ಭಾನುವಾರ ರಾತ್ರಿ ಪೆನ್ಸಿಲ್ ಚೂಪು ಮಾಡಿಕೊಂಡು ಕೂತು, ಇಡೀ ವಾರವನ್ನು ಒಂದೇ ಬೀಸಿಗೆ ತುಂಬಿಬಿಟ್ಟೆ. ದಿನಕ್ಕೆ ನಾಲ್ಕು ಗಂಟೆ ಓದು. ಬೆಳಿಗ್ಗೆ ಐದಕ್ಕೆ ಎದ್ದಿದ್ದೆನಂತೆ!

ಸೋಮವಾರ ಮೇಷ್ಟ್ರು ನನ್ನ ಪುಟದ ಮೇಲೆ ಬೆರಳಿಟ್ಟು ನಿಧಾನಕ್ಕೆ ಕೆಳಗಿಳಿಸಿದರು. ಬೆರಳು ಒಂದು ಕಡೆ ನಿಂತಿತು.

"ಬುಧವಾರ ನೀನು ಸ್ಕೂಲಿಗೆ ಬಂದಿದ್ಯೇನೋ?"

ಬಂದಿರಲಿಲ್ಲ. ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಚೌಕಗಳಲ್ಲಿ ಮಾತ್ರ ಹತ್ತರಿಂದ ನಾಲ್ಕರವರೆಗೆ "ಶಾಲೆ, ಶಾಲೆ, ಶಾಲೆ" ಅಂತ ಮುದ್ದಾಗಿ ಬರೆದಿದ್ದೆ. ಬೈಯುತ್ತಾರೆ ಅಂದುಕೊಂಡೆ. ಅವರು ಎಡಪುಟಕ್ಕೆ ಹೋಗಿ, "ಸತ್ಯ" ಎಂಬ ಪದದ ಪಕ್ಕ ಒಂದು ಸಣ್ಣ ಕಪ್ಪು ಚುಕ್ಕೆ ಇಟ್ಟು, ಪುಸ್ತಕ ವಾಪಸ್ ಕೊಟ್ಟರು. ಬೈದಿದ್ದರೆ ಅಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಆ ಚುಕ್ಕೆ ಏನು ಅಂತ ಆಮೇಲೆ ಕ್ಲಾಸಿನಲ್ಲಿ ಹೇಳಿದರು. ಮಿಂಚು ಅಂದರೆ ವಿದ್ಯುತ್ತೇ ಎಂದು ವಾದಿಸಿದ ಬೆಂಜಮಿನ್ ಫ್ರಾಂಕ್ಲಿನ್ (1706–1790) ಗೊತ್ತಲ್ವಾ, ಅವರು ಯುವಕನಾಗಿದ್ದಾಗ 13 ಗುಣಗಳ ಪಟ್ಟಿ ಮಾಡಿಕೊಂಡಿದ್ದರಂತೆ. ವಾರಕ್ಕೆ ಒಂದು ಗುಣದ ಮೇಲೆ ಜಾಸ್ತಿ ಗಮನ. ಚಿಕ್ಕ ಪುಸ್ತಕದಲ್ಲಿ ಏಳು ದಿನಕ್ಕೆ ಏಳು ಕಾಲಂ. ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ಸರಿಯಾಗಿ ನಾಲ್ಕು ಸುತ್ತು. ಈ 13 ನಾಲ್ಕಲೆ 52 ಹೇಳುವಾಗ ಮೇಷ್ಟ್ರ ಮುಖ ಅರಳಿತ್ತು. ನನಗೆ ಸಮಾಧಾನ ಕೊಟ್ಟಿದ್ದು ಇನ್ನೊಂದು ಸಂಗತಿ. ಸಾಮಾನು ಅದರದರ ಜಾಗದಲ್ಲಿ, ಕೆಲಸ ಅದರದರ ಹೊತ್ತಿನಲ್ಲಿ ಅನ್ನುವ ಅಚ್ಚುಕಟ್ಟುತನ ಫ್ರಾಂಕ್ಲಿನ್ನರಿಗೆ ಕೊನೆಗೂ ಒಗ್ಗಲಿಲ್ಲ. ವಯಸ್ಸಾದ ಮೇಲೆ ಅದನ್ನು ಅವರೇ ಒಪ್ಪಿಕೊಂಡು ಬರೆದಿದ್ದಾರೆ.

ಮುಂದಿನ ವಾರ ನಿಜ ಬರೆದೆ. ನಿದ್ದೆ 56. ಶಾಲೆ, ಓಡಾಟ ಸೇರಿ 42. ಸ್ನಾನ, ಊಟ, ಇತ್ಯಾದಿ 21. ಉಳಿದ 49ರಲ್ಲಿ ಓದು 9, ಆಟ 14. ಇನ್ನೂ 26 ಚೌಕ ಖಾಲಿ. ಏನು ಮಾಡಿದ್ದೆ ಅಂತ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಆಡಿದ್ದರೆ, ಮಲಗಿದ್ದರೆ, ಜಗಳವಾಡಿದ್ದರೂ ಬರೆಯಬಹುದಿತ್ತು. ಸುಮಾರು ಒಂದು ದಿನವೇ ಎಲ್ಲಿಗೂ ಹೋಗದೆ ಮಾಯವಾಗಿತ್ತು.

ಅದಕ್ಕಿಂತ ಚುಚ್ಚಿದ್ದು ಬೇರೆ. ಆ ತಿಂಗಳು ನನ್ನ ಪಕ್ಕದ ಬೆಂಚಿನ ಗೆಳೆಯ ಕಾಲು ಮುರಿದುಕೊಂಡು ಮನೆಯಲ್ಲಿದ್ದ. "ಗೆಳೆತನ" ಅಂತ ದಪ್ಪಕ್ಕೆ ಬರೆದವನು ಅವನ ಮನೆಗೆ ಒಮ್ಮೆಯೂ ಹೋಗಿರಲಿಲ್ಲ. ಟೈಮೇ ಇಲ್ಲ ಅಂದುಕೊಂಡಿದ್ದೆ, ಅದೂ ಪ್ರಾಮಾಣಿಕವಾಗಿ. ಖಾಲಿ ಚೌಕಗಳು ಎದುರಿಗೇ ಇದ್ದವು. ಅವತ್ತೇ ಸಂಜೆ ಹೋದೆ. ಅವನು ಮೊದಲು ಕೇಳಿದ್ದು, "ಈಗ ನೆನಪಾಯ್ತೇನೋ?" ಏನೂ ಉತ್ತರ ಹೊಳೆಯಲಿಲ್ಲ. ಗಣಿತದ ನೋಟ್ಸ್ ಕೊಟ್ಟು ಪಕ್ಕದಲ್ಲಿ ಕೂತೆ. ವಾರದ ಕೊನೆಗೆ ಅವನ ಹೆಸರಿನಲ್ಲಿ ಐದು ಚೌಕ ತುಂಬಿತ್ತು.

ಒಂದೊಂದು ನಿಮಿಷವನ್ನೂ ಹಿಂಡಿ ಬಳಸಬೇಕು ಅನ್ನುವವರನ್ನು ಕಂಡರೆ ನನಗೆ ಈಗಲೂ ಸ್ವಲ್ಪ ಭಯ. ಮೇಷ್ಟ್ರು ಅಂಥವರಲ್ಲ. ನಾವು ಹಟ ಹಿಡಿದು ಅವರ ಪುಸ್ತಕವನ್ನೂ ನೋಡಿದ್ದೆವು. ಸಂಜೆ ಆರರ ಚೌಕದಲ್ಲಿ ಏಳೂ ದಿನ ಒಂದೇ ಮಾತು: "ಸುಮ್ನೆ ಕೂತಿದ್ದು." ಎಲ್ಲರೂ ನಕ್ಕೆವು. "ಅದು ಪೋಲಾಗಿದ್ದಲ್ಲಪ್ಪಾ, ನಾನೇ ಇಟ್ಕೊಂಡಿದ್ದು" ಅಂದರು.

ಕಾಲೇಜಿಗೆ ಹೋದ ಮೇಲೆ ಚೌಕ ಬರೆಯುವುದು ಬಿಟ್ಟುಹೋಯಿತು. ಕೊನೇ ವರ್ಷದ ಪ್ರಾಜೆಕ್ಟ್ ಒಂದು ತಿಂಗಳಲ್ಲಿ ಮುಗಿಸುತ್ತೇನೆ ಎಂದು ಮಾತು ಕೊಟ್ಟೆ. ಎರಡು ತಿಂಗಳು ಹಿಡಿಯಿತು. ಮಾತು ತಪ್ಪಿದ್ದಕ್ಕೆ ನನ್ನ ಸೋಮಾರಿತನವೇ ಕಾರಣ ಅಂತ ಬೈದುಕೊಂಡಿದ್ದೆ. ಆಮೇಲೆ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕಣ್ಣಿಗೆ ಬಿತ್ತು. ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಎಂದು ವಿದ್ಯಾರ್ಥಿಗಳನ್ನು ಕೇಳಿದ್ದರು. ಅವರು ಹೇಳಿದ್ದು ಸರಾಸರಿ 34 ದಿನ, ಹಿಡಿದದ್ದು 55ಕ್ಕೂ ಹೆಚ್ಚು. ನಾನೊಬ್ಬನೇ ಅಲ್ಲವಲ್ಲ ಅಂತ ಖುಷಿಯಾಯಿತು. ಆದರೆ ಗೊತ್ತಾದ ಮೇಲೂ ಹಳೇ ಲೆಕ್ಕದಲ್ಲೇ ಮಾತು ಕೊಟ್ಟರೆ ಅದು ಮತ್ತೆ ಬುಧವಾರದ ಚೌಕವೇ ಆಗುತ್ತದೆ. ಅವತ್ತಿನಿಂದ ಮನಸ್ಸಿಗೆ ಬಂದ ದಿನಗಳನ್ನು ಒಂದೂವರೆ ಪಟ್ಟು ಮಾಡಿಯೇ ಯಾರಿಗಾದರೂ ಹೇಳುವುದು. ಚೌಕಗಳೂ ವಾಪಸ್ ಬಂದವು. ಪ್ರತಿ ವಾರವಲ್ಲ, ವರ್ಷಕ್ಕೆ ಎರಡು ಮೂರು ಸಲ, ಟೈಮಿಲ್ಲ ಎಂಬ ಮಾತು ಬಾಯಿಂದ ಜಾಸ್ತಿ ಬರತೊಡಗಿದಾಗ.

ಈ ಲೇಖನಕ್ಕೂ ಹಾಗೇ ಮಾಡಿದ್ದೆ. ನಾಲ್ಕು ದಿನ ಸಾಕು ಅನ್ನಿಸಿತ್ತು, ಸಂಪಾದಕರಿಗೆ ಆರು ಅಂದೆ. ಇವತ್ತು ಒಂಬತ್ತನೇ ದಿನ. ಚೌಕದಲ್ಲೂ ಹಾಗೇ ಬರೆದಿದ್ದೇನೆ.